ಪಾಲಣ್ಣನವರ ಮೂರು ಪ್ರಬಂಧಗಳು

ಪಾಲಣ್ಣನವರ ಪ್ರಬಂಧ ತಪ್ಪು ಎಂದು ಅಚ್ಚಿನಲ್ಲಿ ಬರೆದವಳು ನಾನು. ಬರೆದ ಮೇಲೆ ಸರ್ಕಾರ ನನ್ನನ್ನು ಅವರಿದ್ದ ಕಾಲೇಜಿಗೇ, ಅವರಿದ್ದ ಅರ್ಥಶಾಸ್ತ್ರ ವಿಭಾಗಕ್ಕೇ ಲೆಕ್ಚರರ್ ಮಾಡಿ ಹಾಕಿತು. ಅದು 1974ರ ಜುಲೈ. ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಿಂದ ಕಾಲೇಜಿನ ಗೇಟು ಮುಟ್ಟುವ ತನಕ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ. ಆ ಮನುಷ್ಯ ನನ್ನನ್ನು ಮಾತಾಡಿಸುತ್ತಾನೋ, ಮುಖ ತಿರುಗಿಸಿಕೊಂಡು ಕೂರುತ್ತಾನೋ?

ಸ್ಟಾಫ್ ರೂಮಿನಲ್ಲಿ ಒಬ್ಬರೇ ಇದ್ದರು. ಕಿಟಕಿಯ ಪಕ್ಕದ ಮೇಜು, ತೋಳು ಮಡಚಿದ ಬಿಳಿ ಶರಟು, ಬೆರಳಿಗೆಲ್ಲ ಸೀಮೆಸುಣ್ಣ. ನಾನು ಹೆಸರು ಹೇಳಿದ ಕೂಡಲೇ ಎದ್ದು ನಿಂತರು. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

“ಕುರಿ ಲೆಕ್ಕದ ಮುದ್ದಕ್ಕ ಅಂದ್ರೆ ನೀವೇ ಏನ್ರಿ?”

“ಹೌದು.”

“ಬರ್ರಿ, ಕುಂತ್ಕಳ್ರಿ.”

ಬಿದ್ದ ಕುರ್ಚಿಯನ್ನೇ ಎತ್ತಿ, ಕರ್ಚೀಫಿನಿಂದ ಒರೆಸಿ, ನನ್ನ ಕಡೆ ತಳ್ಳಿದರು. ಆಮೇಲೆ ಡ್ರಾಯರಿನಿಂದ ಒಂದು ಜರ್ನಲ್ ತೆಗೆದರು. ಶಾಲೆ ಮಕ್ಕಳ ಪುಸ್ತಕಕ್ಕೆ ಹಾಕುವ ಹಾಗೆ ಅದಕ್ಕೆ ಕಂದು ಕಾಗದದ ಬೈಂಡು ಹಾಕಿದ್ದರು. ನನ್ನ ಟಿಪ್ಪಣಿ ಬಂದಿದ್ದ ಸಂಚಿಕೆ ಅದು.

“ನನ್ನ ಪೇಪರ್ ಹೆಸ್ರು ಹೇಳಿದೋರು ಬಾಳ ಜನ ಅವ್ರೆ,” ಅಂದರು. “ಎಲ್ರೂ ಅದ್ರಾಗಿನ ಒಂದು ನಂಬರ್ ಎತ್ಕಂಡು ಹೋದೋರು. ತಪ್ಪು ಐತೆ ಅಂತ ಬರಿಯಾಕೆ ಪೂರ್ತಿ ಓದ್ಬೇಕಲ್ಲ. ಪೂರ್ತಿ ಓದಿದೋರು ನೀವೊಬ್ರೇ.”

ನಾನು ಜಗಳಕ್ಕೆ ಸಿದ್ಧಳಾಗಿ ಬಂದಿದ್ದೆ. ಅವರ ಎಡಹುಬ್ಬು ಬಲಹುಬ್ಬಿಗಿಂತ ಕೊಂಚ ಮೇಲಿತ್ತು. ಅದರಿಂದ ಅವರು ಎಷ್ಟೇ ಗಂಭೀರವಾಗಿದ್ದರೂ ಒಳಗೊಳಗೇ ನಗುತ್ತಿದ್ದಾರೆ ಅನ್ನಿಸುತ್ತಿತ್ತು. ನನಗೆ ಆ ಹುಬ್ಬು ಮೊದಲ ದಿನವೇ ಇಷ್ಟವಾಯಿತು. ಇದನ್ನು ಈಗ ಮುಚ್ಚಿಟ್ಟು ಏನಾಗಬೇಕು?

“ಆದ್ರೆ ನೀವು ಬರೆದಿರೋದು ಸರಿ ಇಲ್ರಿ,” ಅಂದರು.

ಇಷ್ಟವಾದದ್ದು ಸದ್ಯಕ್ಕೆ ಅಲ್ಲಿಗೇ ನಿಂತಿತು.

ಪಾಲಣ್ಣನವರ ಹೆಸರಿನಲ್ಲಿ ಆಗ ಮೂರು ಪ್ರಬಂಧಗಳಿದ್ದವು. ಒಂದು ಹೊಸದುರ್ಗದ ಕೊಬ್ಬರಿ ವ್ಯಾಪಾರದ ಮೇಲೆ, ಇನ್ನೊಂದು ಹಿರಿಯೂರು ಸಂತೆಯ ಉಣ್ಣೆ ದರದ ಮೇಲೆ. ಇವೆರಡನ್ನು ಯಾರೂ ಮೂಸಿ ಕೂಡ ನೋಡಿರಲಿಲ್ಲ. ಜಿಲ್ಲೆಯ ಗೊಲ್ಲರಹಟ್ಟಿಗಳಲ್ಲಿ ಮನೆಗೆಷ್ಟು ಕುರಿ ಇವೆ ಎಂಬ ಮೂರನೆಯದು ಮಾತ್ರ ಕಾಲು ಬಂದ ಹಾಗೆ ಊರೂರು ತಿರುಗುತ್ತಿತ್ತು. ದಿಲ್ಲಿಯ ಪುಸ್ತಕವೊಂದರ ಅಡಿಟಿಪ್ಪಣಿಯಲ್ಲಿ, ಒಂದು ಸಮಿತಿಯ ವರದಿಯಲ್ಲಿ, ಇಂಗ್ಲೆಂಡಿನ ಜರ್ನಲ್ಲೊಂದರಲ್ಲಿ “ಪಾಲಣ್ಣ, 1971” ಎಂದು ಬಂದಿತ್ತು. ಪ್ರಬಂಧದ ಪ್ರತಿ ಕಳಿಸಿ ಎಂದು ಕೇಳುವ ಕಾರ್ಡುಗಳು ಹೊರದೇಶದಿಂದ ಬರುತ್ತಿದ್ದವು. ಒಂದೊಂದು ಕಾರ್ಡು ಬಂದಾಗಲೂ ವಿಭಾಗದ ಮುಖ್ಯಸ್ಥ ಗಂಗಾಧರಪ್ಪನವರು ಸ್ಟಾಫ್ ರೂಮಿಗೆಲ್ಲ ಕಾಫಿ ತರಿಸುತ್ತಿದ್ದರು.

ಆ ಪ್ರಬಂಧದ ಸಾರ ಇಷ್ಟೇ. ಗೊಲ್ಲರ ಮನೆಗಳಲ್ಲಿ ಕುರಿ ಎಲ್ಲರೂ ತಿಳಿದದ್ದಕ್ಕಿಂತ ಬಹಳ ಕಡಿಮೆ ಇವೆ.

ನಾನು ಬಾಗೂರಿನ ಹತ್ತಿರದ ಗೊಲ್ಲರಹಟ್ಟಿಯವಳು, ಕುರಿ ಕಾಯುವ ಕಾಟಯ್ಯನ ಮಗಳು. ನಮ್ಮ ಹಟ್ಟಿಯಲ್ಲಿ ಹೆಣ್ಣು ಹುಟ್ಟಿದರೆ ಅವಳ ಹೆಸರಿಗೆ ಒಂದು ಹೆಣ್ಣುಮರಿ ಬಿಡುತ್ತಾರೆ. ಬಳುವಳಿ ಕುರಿ ಅನ್ನುತ್ತಾರೆ. ಅದು ಈದ ಮರಿ, ಆ ಮರಿಯ ಮರಿ ಎಲ್ಲವೂ ಅವಳದೇ. ಅವಳು ಮದುವೆಯಾಗಿ ಹೋದ ಮೇಲೂ ಅವು ಮೇಯುವುದು ಅಪ್ಪನ ಮಂದೆಯಲ್ಲಿ, ಅಪ್ಪನ ನಂತರ ಅಣ್ಣನ ಮಂದೆಯಲ್ಲಿ. ನಿನ್ನ ಕುರಿ ಎಷ್ಟು ಎಂದು ಅಪ್ಪನನ್ನು ಕೇಳಿದರೆ ಅವನು ಅವನ್ನು ಬಿಟ್ಟೇ ಹೇಳುತ್ತಾನೆ, ಮಗಳ ಕುರಿ ತನ್ನದಲ್ಲವಲ್ಲ. ಗಂಡನ ಮನೆಯವರೂ ಬಿಟ್ಟೇ ಹೇಳುತ್ತಾರೆ, ಅವು ತಮ್ಮ ಮಂದೆಯಲ್ಲೇ ಇಲ್ಲವಲ್ಲ. ಯಾರೂ ಸುಳ್ಳು ಹೇಳಿದ ಹಾಗಾಗಲಿಲ್ಲ, ಕುರಿ ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ.

ನಾನು ಮೈಸೂರಿನಲ್ಲಿ ಎಂ.ಎ. ಓದಿದ್ದು ನನ್ನ ಬಳುವಳಿ ಕುರಿಗಳ ಮರಿ ಮಾರಿ. ಅಂಥ ಕುರಿಗಳೇ ಇಲ್ಲವೆಂಬಂತೆ ಯಾರೋ ಬರೆದರೆ ಮೈ ಉರಿಯದೆ ಇರುತ್ತದೆಯೇ? ಅದಕ್ಕೇ ಆ ಟಿಪ್ಪಣಿ ಬರೆದೆ.

“ನಿಮ್ಮದು ಒಂದು ಹಟ್ಟಿ,” ಎಂದು ಪಾಲಣ್ಣನವರು ಮೇಜಿನ ಮೇಲೆ ಬೆರಳಿಟ್ಟರು. “ಒಂದು ಹಟ್ಟಿ ನೋಡಿ ಇಡೀ ಜಿಲ್ಲೆ ತಪ್ಪು ಅಂದ್ರೆ ಹೆಂಗ್ರಿ? ನಾನೂ ಗೊಲ್ಲರೋನೇ. ಹುಟ್ಟಿ ಬೆಳೆದಿದ್ದು ಚಿಕ್ಕಜಾಜೂರು ರೈಲ್ವೆ ಕ್ವಾರ್ಟರ್ಸಿನಾಗೆ ಇರಬೋದು, ಆದ್ರೆ ಹಟ್ಟಿ ಜನಕ್ಕೆ ನಾನು ಬ್ಯಾರೆಯೋನಲ್ಲ. ಕೇಳಿದ್ದಕ್ಕೆಲ್ಲ ಹೇಳಿದಾರೆ.”

“ಯಾರನ್ನ ಕೇಳಿದ್ರಿ?”

“ಮನೆ ಯಜಮಾನ್ರನ್ನ.”

“ಹೆಂಗಸ್ರನ್ನ?”

ಪಾಲಣ್ಣನವರು ಕಿಟಕಿಯ ಹೊರಗೆ ನೋಡಿದರು. “ಅವರು ಮಜ್ಜಿಗೆ ತಂದ್ಕೊಟ್ರು,” ಅಂದರು.

ನನಗೆ ನಗು ತಡೆಯಲಿಲ್ಲ. ಅವರಿಗೆ ಸಿಟ್ಟು ಬಂತು. ಆಮೇಲೆ ಒಂದಷ್ಟು ದಿನ ಸಿಕ್ಕಲ್ಲೆಲ್ಲ ಇದೇ ವಾದ. ಲೈಬ್ರರಿಯಲ್ಲಿ, ಕಾರಿಡಾರಿನಲ್ಲಿ, ಪರೀಕ್ಷೆಯ ಹಾಲಿನಲ್ಲಿ ಪಿಸುದನಿಯಲ್ಲಿ. ನಾನು ಒಂದು ಮಾತು ಹೇಳಿದರೆ ಅವರು ಮಾರನೆಯ ದಿನ ಅದಕ್ಕೆ ಉತ್ತರ ಹುಡುಕಿಕೊಂಡು ಬರುತ್ತಿದ್ದರು. ನಾನೂ ರಾತ್ರಿ ಅಡುಗೆ ಮಾಡುತ್ತ ಅವರ ಉತ್ತರಕ್ಕೆ ಉತ್ತರ ಯೋಚಿಸುತ್ತಿದ್ದೆ. ಒಬ್ಬ ಗಂಡಸಿನ ಜೊತೆ ಇಷ್ಟು ಹೊತ್ತು ಜಗಳವಾಡುವ ಆಸೆ ಯಾಕೆ ಎಂದು ನನ್ನನ್ನು ನಾನೇ ಕೇಳಿಕೊಳ್ಳಲು ಹೋಗಲಿಲ್ಲ.

ಒಂದು ಸೋಮವಾರ ಅವರು ಊರಿಂದ ನೇರವಾಗಿ ಕಾಲೇಜಿಗೆ ಬಂದರು. ನನ್ನ ಕ್ಲಾಸು ಮುಗಿಯುವ ತನಕ ಬಾಗಿಲಲ್ಲೇ ನಿಂತಿದ್ದರು. ಹುಡುಗರೆಲ್ಲ ಹೋದ ಮೇಲೆ ಒಳಗೆ ಬಂದು ಮೊದಲ ಬೆಂಚಿನ ಮೇಲೆ ಕೂತರು.

“ನಮ್ಮವ್ವನವೂ ಅವೆಯಂತ್ರಿ.”

“ಏನು?”

“ಕುರಿ. ಹೊಳಲ್ಕೆರೆ ಕಡೆ ನಮ್ಮ ಮಾವ ಜುಂಜಯ್ಯನ ಮಂದ್ಯಾಗೆ. ಆ ಮನೆ ಸರ್ವೆ ಮಾಡಿದ್ದು ನಾನೇ. ಮಾವ ಹೇಳಿದ್ದು ಬರ್ಕಂಡು ಬಂದೆ. ನಮ್ಮವ್ವನವು ನನ್ನ ಕಣ್ಣೆದುರಿಗೇ ಮೇಯ್ತಿದ್ವು.”

“ನಿಮ್ಮವ್ವ ಯಾವತ್ತೂ ಹೇಳಿರ್ಲಿಲ್ವಾ?”

“ನೀನೆಲ್ಲಿ ಕೇಳ್ದೆ ಅಂದ್ಲು.”

ನಾನು ಕಪ್ಪುಹಲಗೆ ಒರೆಸುವ ಬಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ಅವರು ತಲೆ ಎತ್ತದೆ ಹೇಳಿದರು, “ನನ್ನ ಹೈಸ್ಕೂಲು, ಕಾಲೇಜು ಎಲ್ಲ ಅದ್ರಾಗೇ ಆಗೈತಂತೆ. ನಾನು ಅಪ್ಪನ ಸಂಬ್ಳ ಅನ್ಕಂಡಿದ್ದೆ. ಗ್ಯಾಂಗ್‌ಮನ್ ಸಂಬ್ಳದಾಗೆ ಮೂರು ಮಕ್ಳು ಓದಾಕೆ ಆಗ್ತದಾ ಅಂತ ಎಕನಾಮಿಕ್ಸ್ ಓದಿದೋನಿಗೆ ಹೊಳೀಲೇ ಇಲ್ಲ ನೋಡ್ರಿ.”

ಕಣ್ಣು ತುಂಬಿದ್ದವು. ಅವರು ಅದನ್ನು ಮುಚ್ಚಿಕೊಳ್ಳಲೂ ಇಲ್ಲ, ಒರೆಸಿಕೊಳ್ಳಲೂ ಇಲ್ಲ. ಗೆದ್ದೆ ಅನ್ನುವ ಖುಷಿ ನನಗೆ ಬರಬೇಕಿತ್ತು, ಬರಲಿಲ್ಲ. ಆ ಖಾಲಿ ಕ್ಲಾಸಿನಲ್ಲಿ ನನಗೆ ಆ ಮನುಷ್ಯನ ಮೇಲೆ ಪ್ರೀತಿ ಹುಟ್ಟಿತು. ಕೈಯಲ್ಲಿದ್ದ ಬಟ್ಟೆಯನ್ನೇ ಮುಂದೆ ಚಾಚಿದೆ. ಅವರು ಅದನ್ನೇ ತೆಗೆದುಕೊಂಡು ಮುಖ ಒರೆಸಿಕೊಂಡರು. ಮೂಗಿನ ತನಕ ಸೀಮೆಸುಣ್ಣವಾಯಿತು.

“ಈಗ ಚೆನ್ನಾಗಿ ಕಾಣ್ತೀರ,” ಅಂದೆ.

“ಈಗ ಮಾತ್ರ ಏನ್ರಿ?” ಅಂದರು. ಹುಬ್ಬು ಮೇಲೆ ಹೋಯಿತು.

ದಸರಾ ರಜೆಯಿಂದ ಕೆಲಸ ಶುರುವಾಯಿತು. ಅವರು ಸರ್ವೆ ಮಾಡಿದ ಮನೆಗಳಿಗೇ ನಾನು ಮತ್ತೆ ಹೋಗಿ, ಈ ಸಲ ಹೆಂಗಸರನ್ನು ಕೇಳುವುದು. ಜೊತೆಗೆ ಬಂದವರು ಅವರ ತಾಯಿ ಕಾಟಮ್ಮ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ಹಟ್ಟಿಗಳಲ್ಲೆಲ್ಲ ಅವರಿಗೆ ಯಾರೋ ಒಬ್ಬರು ನೆಂಟರು. ಅವರು ಜಗುಲಿಯ ಮೇಲೆ ಎಲೆಅಡಿಕೆ ಚೀಲ ಬಿಚ್ಚಿದರೆ ಹಟ್ಟಿಯ ಹೆಂಗಸರೆಲ್ಲ ಸುತ್ತ ಸೇರುತ್ತಿದ್ದರು. ನನಗಿಂತ ಮೊದಲು ಅವರೇ ಕೇಳಿಬಿಡುತ್ತಿದ್ದರು, “ನಿನ್ನವು ಎಷ್ಟು ಅವೆಯೇ? ಈ ಹುಡುಗಿಗೆ ಹೇಳು, ಬರ್ಕಂತಾಳೆ. ನನ್ನ ಮಗ ನಮ್ಮನ್ನೆಲ್ಲ ಬಿಟ್ಟುಬಿಟ್ಟವ್ನೆ.”

ಪಾಲಣ್ಣನವರು ಹತ್ತಿರ ಇದ್ದರೆ ಹೆಂಗಸರು ಬಾಯಿ ಬಿಡುವುದಿಲ್ಲ ಎಂದು ಅವರನ್ನು ದೂರ ಕಳಿಸಿದ್ದೆವು. ಅವರು ಬೇಲಿಯಾಚೆ ಹುಣಸೆಮರದ ಕೆಳಗೆ ನಮ್ಮ ಊಟದ ಕ್ಯಾರಿಯರ್ ಕಾಯುತ್ತ ಕೂತಿರುತ್ತಿದ್ದರು. ಬರೆಯುತ್ತ ಬರೆಯುತ್ತ ನಾನು ತಲೆ ಎತ್ತಿದರೆ ಅವರು ಈ ಕಡೆಗೇ ನೋಡುತ್ತಿರುತ್ತಿದ್ದರು. ಕಣ್ಣು ಸೇರಿದ ಕೂಡಲೇ ಕ್ಯಾರಿಯರಿನ ಮುಚ್ಚಳ ಸರಿ ಮಾಡುವರು. ಆ ಮುಚ್ಚಳ ಅಷ್ಟು ಸಲ ಸರಿ ಮಾಡಿಸಿಕೊಂಡೂ ಗಟ್ಟಿಯಾಗಿಯೇ ಉಳಿದದ್ದು ಆಶ್ಚರ್ಯ.

“ನಿಮ್ಮದು ಯಾವ ಬೆಡಗಮ್ಮ?” ಎಂದು ಕಾಟಮ್ಮ ಬಸ್ಸಿನಲ್ಲಿ ಕೇಳಿದರು. ಒಂದೇ ಬೆಡಗಿನವರು ನಮ್ಮಲ್ಲಿ ಅಣ್ಣತಂಗಿಯರ ಲೆಕ್ಕ, ಮದುವೆ ಕೂಡದು. ನಾನು ಹೇಳಿದೆ. ಅವರ ಮನೆಯದು ಬೇರೆ ಬೆಡಗು. ಕಾಟಮ್ಮ ತಮ್ಮ ಎಲೆಅಡಿಕೆ ಚೀಲದಿಂದ ಒಂದು ಬೆಲ್ಲದ ಚೂರು ತೆಗೆದು ನನ್ನ ಕೈಗಿಟ್ಟರು. ಮುಂದಿನ ಸೀಟಿನಲ್ಲಿ ಕೂತಿದ್ದ ಮಗನ ಕಿವಿ ಕೆಂಪಾದದ್ದು ನನಗೆ ಕಂಡಿತು.

ಸಂಜೆ ಲೈಬ್ರರಿಯಲ್ಲಿ ಕೂತು ನಾನೂ ಪಾಲಣ್ಣನವರೂ ಕುರಿ ಲೆಕ್ಕ ಕೂಡಿ ಕಳೆಯುತ್ತಿದ್ದೆವು. ಒಂದು ದಿನ ಅವರು ಪೆನ್ಸಿಲ್ ಚೂಪು ಮಾಡುತ್ತ ಕೇಳಿದರು, “ನಿಮ್ಮ ಹೆಸ್ರಿಗೆ ಒಂದು ಶಾರ್ಟ್ ಫಾರಂ ಇಲ್ವೇನ್ರಿ?”

“ಯಾಕೆ?”

“ಪೂರ್ತಿ ಕರೆದ್ರೆ ಕೊನೆಗೆ ಅಕ್ಕ ಅಂತ ಬರ್ತದೆ. ನಂಗೆ ಕಷ್ಟ ಆಗ್ತೈತೆ.”

“ನಿಮ್ಮ ಹೆಸ್ರಿನ ಕೊನೆಗೆ ಏನು ಬರ್ತೈತೆ ನೋಡ್ಕಂಡಿದೀರಾ?”

ಅವರು ಪೆನ್ಸಿಲಿನ ಮೊನೆ ಮುರಿದರು. ಅವತ್ತಿನಿಂದ ಅವರು ನನ್ನನ್ನು ಮೇಡಂ ಅಂದರು, ನಾನು ಅವರನ್ನು ಸಾರ್ ಅಂದೆ. ನಮ್ಮ ವಿನಯ ಕಂಡು ವಿದ್ಯಾರ್ಥಿಗಳು ಬಹಳ ಮೆಚ್ಚಿಕೊಂಡರು.

ಫೆಬ್ರವರಿಯ ಹೊತ್ತಿಗೆ ನನ್ನ ಪ್ರಬಂಧ ಟೈಪಾಗಿ ಸಿದ್ಧವಾಯಿತು. ನನ್ನ ಹಟ್ಟಿಯಲ್ಲಿ ನಿಜವಾಗಿದ್ದದ್ದು ನಾವು ನೋಡಿದ ಎಲ್ಲ ಕಡೆಯೂ ನಿಜವಾಗಿತ್ತು. ಹೆಂಗಸರ ಕುರಿ ಸೇರಿಸಿದರೆ “ಪಾಲಣ್ಣ, 1971” ನೆಲ ಕಚ್ಚುತ್ತಿತ್ತು.

ಅದೇ ವಾರ ಗಂಗಾಧರಪ್ಪನವರು ನನ್ನನ್ನು ತಮ್ಮ ಕೋಣೆಗೆ ಕರೆದರು. ಒಳ್ಳೆಯ ಮನುಷ್ಯ. ಬಾಗಿಲು ಮುಂದೆ ಮಾಡಿ, ಮೆತ್ತಗೆ ಹೇಳಿದರು.

“ನೋಡಮ್ಮ, ಪಾಲಣ್ಣ ಮೈಸೂರು ಯೂನಿವರ್ಸಿಟಿನಾಗೆ ರೀಡರ್ ಪೋಸ್ಟಿಗೆ ಹಾಕ್ಯಾನೆ. ಏಪ್ರಿಲ್‌ನಾಗೆ ಇಂಟರ್‌ವ್ಯೂ. ಅವನ ಹತ್ರ ಇರೋ ಬಂಡವಾಳ ಆ ಕುರಿ ಪೇಪರ್ ಒಂದೇ. ನೀನೀಗ ಇದನ್ನ ಕಳಿಸಿದ್ರೆ ಜರ್ನಲ್‌ನೋರು ಓದಾಕೆ ಅಂತ ಯಾರಾದ್ರೂ ಪ್ರೊಫೆಸರಿಗೆ ಕಳಿಸ್ತಾರೆ. ಈ ವಿಷಯ ಓದೋರು ದೇಶದಾಗೆ ಎಷ್ಟು ಜನ ಅವ್ರೆ? ಅವ್ರೇ ಇಂಟರ್‌ವ್ಯೂಗೂ ಕುಂತ್ಕಂತಾರೆ. ಎರಡು ತಿಂಗ್ಳು ತಡೀಬಾರ್ದಾ?”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಪಾಲಣ್ಣನವರ ತಂದೆಗೆ ಆ ವರ್ಷವೇ ರಿಟೈರ್‌ಮೆಂಟು. ಕ್ವಾರ್ಟರ್ಸ್ ಬಿಡಬೇಕು. ಅಪ್ಪ ಅವ್ವ ಇಬ್ಬರನ್ನೂ ಮೈಸೂರಿಗೆ ಕರೆದುಕೊಂಡು ಹೋಗಿ ಇಟ್ಟುಕೊಳ್ಳುವ ಆಸೆ ಅವರಿಗಿತ್ತು. ಅದನ್ನು ನನಗೆ ಹತ್ತು ಸಲ ಹೇಳಿದ್ದರು. ನನಗೂ ಅವರಿಗೆ ಆ ಕೆಲಸ ಸಿಗಲಿ ಎಂದೇ ಇತ್ತು. ಆದರೆ ನನ್ನ ಕುರಿ, ಕಾಟಮ್ಮನವರ ಕುರಿ, ಆ ಜಗುಲಿಗಳ ಮೇಲೆ ಕೂತು ತಮ್ಮ ಕುರಿ ಹೇಳಿಕೊಂಡ ಹೆಂಗಸರು? ಒಬ್ಬಳೇ ನಿರ್ಧರಿಸುವುದು ಬೇಡ ಎಂದು ನೇರವಾಗಿ ಪಾಲಣ್ಣನವರ ಮೇಜಿನ ಹತ್ತಿರ ಹೋದೆ.

“ಇವತ್ತು ಕಳಿಸ್ಲೋ, ಏಪ್ರಿಲ್ ಕಳೆದ ಮೇಲೆ ಕಳಿಸ್ಲೋ?”

ಅವರಿಗೆ ಎಲ್ಲ ಗೊತ್ತಿತ್ತು. “ನೀವೇನಂತೀರಾ ಮೇಡಂ?”

“ನಾನು ಕಾಯಾಕೆ ತಯಾರಿದೀನಿ ಸಾರ್. ನಿಮಗೆ ಆ ಕೆಲ್ಸ ಸಿಗ್ಬೇಕು ಅಂತ ನಂಗೂ ಆಸೆ ಐತೆ.”

ಅವರು ಬಹಳ ಹೊತ್ತು ಪ್ರಬಂಧದ ಮೊದಲ ಹಾಳೆ ನೋಡುತ್ತ ಕೂತರು. ಓದುತ್ತಿರಲಿಲ್ಲ, ಕಣ್ಣು ಒಂದೇ ಕಡೆ ಇತ್ತು. ಆಸೆ ಇಲ್ಲದವರ ಮುಖ ಹಾಗಿರುವುದಿಲ್ಲ.

“ಅಂದ್ರೆ ಇನ್ನೆರಡು ತಿಂಗ್ಳು ನಮ್ಮವ್ವನ ಹತ್ರ ಏನೂ ಇರ್ಲಿಲ್ಲ ಅಂತ ನಾನು ಹೇಳ್ಕಂಡು ತಿರುಗ್ಬೇಕು,” ಅಂದರು. ಆಮೇಲೆ ಎದ್ದರು. “ಹೋಗಾಣ ನಡೀರಿ. ಪೋಸ್ಟ್ ಆಫೀಸು ಮುಚ್ಚತೈತೆ.”

ದಾರಿಯಲ್ಲಿ ನಾನು, “ಅರ್ಧ ಲೆಕ್ಕ ಮಾಡಿದ್ದು ನೀವು, ನಿಮ್ಮ ಹೆಸ್ರೂ ಹಾಕಾಣ,” ಅಂದೆ.

“ಬ್ಯಾಡ್ರಿ. ನನ್ನ ಹೆಸ್ರು ಹಾಕಿದ್ರೆ ಪಾಲಣ್ಣ ತನ್ನ ತಪ್ಪು ತಾನೇ ತಿದ್ಕಂಡ ಅಂತಾರೆ. ತಿದ್ದಿದ್ದು ನೀವು.”

ಕವರಿನ ಮೇಲೆ ವಿಳಾಸ ಅವರೇ ಬರೆದರು. ತಮ್ಮ ಹೆಸರು ಕೆಡಿಸುವ ಕಾಗದಕ್ಕೆ ಅಷ್ಟು ಮುದ್ದಾದ ಅಕ್ಷರ! ಅಂಟಿನ ಡಬ್ಬಿಯಲ್ಲಿ ಬೆರಳದ್ದಿ ಸ್ಟಾಂಪು ಹಚ್ಚುವಾಗ ಅವರ ಬೆರಳು, ನನ್ನ ಬೆರಳು ಒಂದಕ್ಕೊಂದು ಅಂಟಿಕೊಂಡವು. ಬಿಡಿಸಿಕೊಳ್ಳಲು ಇಬ್ಬರಿಗೂ ಅವಸರವಿರಲಿಲ್ಲ. ಕೌಂಟರಿನ ಗುಮಾಸ್ತರು ರಸೀದಿ ಹಿಡಿದುಕೊಂಡು ಕೆಮ್ಮಿದರು.

ಇಂಟರ್‌ವ್ಯೂ ಮುಗಿದು ಅವರು ಬರುವ ದಿನ ನಾನು ಚಿಕ್ಕಜಾಜೂರಿಗೆ ಹೋದೆ. ಯಾಕೆ ಬಂದೆ ಎಂದು ಕಾಟಮ್ಮ ಕೇಳಲಿಲ್ಲ. ರೈಲಿನ ಹೊತ್ತಾದಾಗ, “ನೀನೇ ಹೋಗಿ ಕರ್ಕಂಡು ಬಾರಮ್ಮ, ನಂಗೆ ಮಂಡಿ ನೋವು,” ಅಂದರು. ಮೂರು ತಾಲ್ಲೂಕಿನ ಹಟ್ಟಿಗಳಲ್ಲಿ ನನಗಿಂತ ಮುಂದೆ ಮುಂದೆ ನಡೆದ ಮಂಡಿಗಳು ಅವು.

ಸಂಜೆಯ ಬಿಸಿಲು ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಬಿದ್ದಿತ್ತು. ಅವರು ಕೊನೆಯ ಡಬ್ಬಿಯಿಂದ ಇಳಿದರು. ಇಸ್ತ್ರಿ ಹೋದ ಕೋಟು ತೋಳಿನ ಮೇಲೆ. ನನ್ನನ್ನು ಕಂಡು ನಿಂತರು. ನಾನೇ ಹತ್ತಿರ ಹೋದೆ.

“ಆಗ್ಲಿಲ್ರಿ,” ಅಂದರು.

“ನನ್ನ ಪೇಪರ್ ಅವರಿಗೆ ಸಿಕ್ಕಿತ್ತಾ?”

“ಇಲ್ಲ. ಅವರಿಗೆ ಗೊತ್ತೇ ಇರ್ಲಿಲ್ಲ. ಒಬ್ರು ಪ್ರೊಫೆಸರು, ನಿಮ್ಮ ಕುರಿ ಲೆಕ್ಕ ನಾವೆಲ್ಲ ಬಳಸ್ತೀವಿ ಅಂತ ಹೊಗಳಿದ್ರು. ಬಳಸ್ಬ್ಯಾಡ್ರಿ ಸಾರ್, ಅದು ತಪ್ಪೈತೆ ಅಂದೆ. ಯಾಕೆ ಅಂತ ಪೂರ್ತಿ ಹೇಳಿದೆ, ನಿಮ್ಮ ಹೆಸ್ರೂ ಹೇಳಿದೆ. ಹಂಗಾದ್ರೆ ನಿಮ್ಮ ಲಿಸ್ಟಿನಾಗೆ ಉಳಿದಿದ್ದೇನಪ್ಪ ಅಂದ್ರು. ಕೊಬ್ಬರಿ, ಉಣ್ಣೆ ಅಂದೆ. ಒಂದಿಬ್ರು ನಕ್ರು.” ಅವರೂ ನಗಲು ನೋಡಿದರು, ಆಗಲಿಲ್ಲ. “ಅವೆರಡನ್ನ ಯಾರೂ ಓದಿಲ್ವಲ್ಲ.”

“ನಾನು ಓದಿದೀನಿ. ಎರಡೆರಡು ಸಲ.”

“ಯಾಕ್ರಿ?”

“ತಪ್ಪು ಹುಡುಕಾಕೆ. ಸಿಗ್ಲಿಲ್ಲ.”

ಇಂಜಿನ್ನು ಹೊಗೆ ಬಿಟ್ಟು ಹೊರಟಿತು. ಅವರು ಕೋಟನ್ನು ಈ ತೋಳಿನಿಂದ ಆ ತೋಳಿಗೆ ಬದಲಿಸಿದರು.

“ನಿಮ್ಮಪ್ಪನ್ನ ಬಂದು ಕೇಳಾಣ ಅಂತಿದ್ದೆ,” ಅಂದರು. “ರೀಡರ್ ಆಗಿ ಬಂದು ಕೇಳ್ಬೇಕು ಅಂತ. ಈಗ ಏನಂತ ಹೇಳ್ಕಂಡು ಬರ್ಲಿ?”

“ನೀವು ಬರೋದು ಬ್ಯಾಡ. ನಾನೇ ಹೇಳ್ತೀನಿ. ತನ್ನ ಹೆಸ್ರು ಹೋದ್ರೂ ಹೋಗ್ಲಿ, ನನ್ನ ಮಾತು ನಿಜ ಐತೆ ಅಂತ ಯಾರೂ ಕೇಳ್ದೆ ಇದ್ರೂ ಹೋದ ಕಡೆ ಹೇಳಿ ಬಂದೋನು ಒಬ್ಬ ಅವ್ನೆ, ಅವ್ನನ್ನ ಬಿಟ್ಟು ಇನ್ಯಾರನ್ನೂ ನಾನು ಮದ್ವೆ ಆಗಲ್ಲ ಅಂತ.” ಅಷ್ಟು ಹೇಳಿ ಅವರ ತೋಳಿನ ಮೇಲಿದ್ದ ಕೋಟನ್ನು ನಾನೇ ತೆಗೆದುಕೊಂಡೆ. “ನಂಗೆ ನೀವು ಅಂದ್ರೆ ಬಾಳ ಇಷ್ಟ ಸಾರ್. ರೀಡರ್ ಆಗಿದ್ರೂ ಇಷ್ಟೇ ಇಷ್ಟ ಇರ್ತಿತ್ತು, ಜಾಸ್ತಿ ಇರ್ತಿರ್ಲಿಲ್ಲ.”

ಅವರು ನನ್ನನ್ನೇ ನೋಡಿದರು. ಈ ಸಲ ಸರಿ ಮಾಡಲು ಯಾವ ಮುಚ್ಚಳವೂ ಇರಲಿಲ್ಲ. ನೋಡುತ್ತಲೇ ಇದ್ದರು. ಆಮೇಲೆ ಬಹಳ ಗಂಭೀರವಾಗಿ ಕೇಳಿದರು.

“ಮದ್ವೆ ಆದ್ಮೇಲೂ ಪೇಪರ್ ಬರೀತೀರಿ ತಾನೆ?”

“ಬರೀತೀನಿ.”

“ನಂದ್ರಾಗೆ ತಪ್ಪು ಸಿಕ್ಕಿದ್ರೆ?”

“ಅದನ್ನೂ ಬರೀತೀನಿ. ಅಚ್ಚು ಹಾಕಿಸ್ತೀನಿ.”

“ಹಂಗಾದ್ರೆ ಸರಿ,” ಎಂದು ಪಾಲಣ್ಣನವರು ನನ್ನ ಕೈ ಹಿಡಿದರು.